ಅಕ್ಕನ ಲೆಕ್ಕ ಯಾರು ಬರೀತಾರೆ?

ಅಮ್ಮನಿಗೆ ಲಕ್ವ ಹೊಡೆದ ಮೂರನೇ ವಾರ ನಾನು ಶಿವಮೊಗ್ಗ ತಲುಪಿದೆ. ಕೈಯಲ್ಲಿ ಹದಿನೈದು ದಿನದ ರಜೆ. ಅಮ್ಮನ ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು. ಮಾತು ಅರ್ಧಂಬರ್ಧ. "ಮನೆಗೆ ಕರ್ಕೊಂಡು ಹೋಗಿ, ಒಬ್ಬ ಹೋಮ್ ನರ್ಸ್ ಇಟ್ಕೊಳ್ಳಿ" ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಏಜೆನ್ಸಿಗೆ ಫೋನ್ ಮಾಡಿ ನಾನು ಕೇಳಿದ ಮೊದಲ ಪ್ರಶ್ನೆ, "ತಿಂಗಳಿಗೆ ಎಷ್ಟಾಗುತ್ತೆ?" ಅವರು ಕೇಳಿದ ಮೊದಲ ಪ್ರಶ್ನೆ, "ಪೇಷಂಟ್ ತೂಕ ಎಷ್ಟು ಸಾರ್?"

ನನಗೆ ಸಿಟ್ಟು ಬಂತು. ನಮ್ಮಮ್ಮ ಏನು ಅಕ್ಕಿ ಮೂಟೆಯಾ? ಆದರೆ ಈಗ ನೆನೆದರೆ, ಆ ಇಡೀ ಮಾತುಕತೆಯಲ್ಲಿ ಕೆಲಸದ ಬಗ್ಗೆ ಬಂದ ಪ್ರಶ್ನೆ ಅದೊಂದೇ. ಮಂಚದಿಂದ ಕಮೋಡ್ ಕುರ್ಚಿಗೆ ದಿನಕ್ಕೆ ಆರು ಸಲ ಎತ್ತಿ ಕೂರಿಸಬೇಕಾದವರಿಗೆ ತೂಕ ಗೊತ್ತಿರಲೇಬೇಕು. ನಾನು ಮಾತ್ರ "ನೋಡ್ಕೊಳ್ಳೋಕೆ ಒಬ್ರು ಬೇಕು" ಎಂದಷ್ಟೇ ಹೇಳುತ್ತಿದ್ದೆ. ನೋಡ್ಕೊಳ್ಳೋದು ಅಂದರೆ ಏನು? ಅದನ್ನು ನಮ್ಮ ಮನೆಯಲ್ಲಿ ಯಾರೂ ಬಿಡಿಸಿ ಬರೆದಿರಲಿಲ್ಲ.

ಇದು ಹೊಳೆದದ್ದು ನಾನು ಕೆಲಸ ಮಾಡುವ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ವಾಪಸ್ ಬಂದ ಮೇಲೆ. ನಮ್ಮ ಕೆಳಗಿನ ಮನೆಯಲ್ಲಿ 84 ವರ್ಷದ ಅಜ್ಜಿಯೊಬ್ಬರಿದ್ದಾರೆ. ಅವರ ಮಗಳು ಅರ್ಧ ದಿನ ಕೆಲಸ ಮಾಡಿ, ಉಳಿದರ್ಧ ತಾಯಿಯ ಜೊತೆ ಇರುತ್ತಾರೆ. ಮೆಟ್ಟಿಲ ಮೇಲೆ ಸಿಕ್ಕಾಗೆಲ್ಲ ನಮ್ಮಿಬ್ಬರದೂ ಒಂದೇ ಕಥೆ. ಜರ್ಮನಿಯಲ್ಲಿ 1995ರಿಂದ ಆರೈಕೆಗೇ ಬೇರೆ ವಿಮೆ ಇದೆ. ಆರೋಗ್ಯ ವಿಮೆ ಬೇರೆ, ಇದು ಬೇರೆ. ಅರ್ಜಿ ಹಾಕಿದರೆ ಒಬ್ಬ ತಜ್ಞರು ಮನೆಗೇ ಬಂದು ನೋಡುತ್ತಾರೆ. ಹಾಸಿಗೆಯಿಂದ ತಾವೇ ಏಳುತ್ತಾರಾ, ತಲೆ ತೊಳೆದುಕೊಳ್ಳುತ್ತಾರಾ, ಮಾತ್ರೆ ನೆನಪಿಟ್ಟು ನುಂಗುತ್ತಾರಾ, ರಾತ್ರಿ ಎದ್ದು ಓಡಾಡುತ್ತಾರಾ. ಆರು ವಿಷಯಗಳಲ್ಲಿ ಅಂಕ ಕೊಟ್ಟು, ಒಟ್ಟು 100ಕ್ಕೆ ಲೆಕ್ಕ ಹಾಕುತ್ತಾರೆ. ಅದರಲ್ಲಿ ಸ್ನಾನ, ಊಟ, ಬಟ್ಟೆ, ಶೌಚದ ಪಾಲೇ ಶೇ 40. ಬಂದ ಅಂಕದ ಮೇಲೆ ಐದರಲ್ಲಿ ಒಂದು ದರ್ಜೆ.

ತಮಾಷೆ ಎಂದರೆ, ತಜ್ಞರು ಬಂದ ದಿನ ಅಜ್ಜಿ ಲಿಪ್‌ಸ್ಟಿಕ್ ಹಚ್ಚಿಕೊಂಡು ಕೂತಿದ್ದರಂತೆ. "ಎಲ್ಲ ನಾನೇ ಮಾಡ್ಕೋತೀನಿ" ಎಂದು ಕೇಳಿದ್ದಕ್ಕೆಲ್ಲ ಒಂದೇ ಉತ್ತರ. ಪುಣ್ಯಕ್ಕೆ ಮಗಳು ಎರಡು ವಾರದ ಡೈರಿ ಬರೆದಿಟ್ಟಿದ್ದರು, ಎಷ್ಟು ಗಂಟೆಗೆ ಏನು ಮಾಡಿಸಿದೆ, ಎಷ್ಟು ನಿಮಿಷ ಹಿಡಿಯಿತು ಎಂದು. ಮೂರನೇ ದರ್ಜೆ ಸಿಕ್ಕಿತು.

ಆ ಡೈರಿಯ ವಿಷಯ ಕೇಳಿದ ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಇರೋದು ಭದ್ರಾವತಿಯಲ್ಲಿ. ಬೆಳಗ್ಗೆ ಬಂದು ಸಂಜೆ ಹೋಗುತ್ತಾಳೆ. "ಒಂದು ವಾರ ಎಲ್ಲ ಬರ್ದಿಡು" ಎಂದೆ. "ಮಾಡೋದಕ್ಕೇ ಪುರುಸೊತ್ತಿಲ್ಲ, ಬರೀಬೇಕಂತೆ" ಎಂದು ಬೈದಳು. ಆದರೂ ಬರೆದಳು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ. ರಾತ್ರಿಯದು ಅಪ್ಪ ಹೇಳಿದ್ದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ನೀರು ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ತಲೆ ಎತ್ತಿ ಹಿಡಿದು ಕುಡಿಸೋದು. ಡೈಪರ್ ನಾಲ್ಕು ಸಲ. ಕೈಕಾಲಿನ ವ್ಯಾಯಾಮ ಎರಡು ಹೊತ್ತು. ರಾತ್ರಿ ಮೂರು ಸಲ ಏಳೋದು.

ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಇದು ಒಬ್ಬರ ಕೆಲಸ ಅಲ್ಲವೇ ಅಲ್ಲ. ನಾವು ಇಟ್ಟ ಮೊದಲ ಹೋಮ್ ನರ್ಸ್ ಐದೇ ವಾರಕ್ಕೆ ಬಿಟ್ಟು ಹೋಗಿದ್ದರಲ್ಲ, "ಈಗಿನ ಕಾಲದವರಿಗೆ ನಿಯತ್ತಿಲ್ಲ" ಎಂದು ನಾನೂ ಅಪ್ಪನೂ ಸೇರಿ ತೀರ್ಪು ಕೊಟ್ಟಿದ್ದೆವು. ಆ ಹೆಂಗಸು ಐದು ವಾರ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿರಲಿಲ್ಲ. ಜೊತೆಗೆ ಅಪ್ಪನ ಅಡುಗೆ, ಪಾತ್ರೆ, ಬಟ್ಟೆಯೂ ಅವರ ತಲೆಗೇ ಬಂದಿತ್ತು. ವಾರದ ರಜೆಯ ಮಾತನ್ನು ನಾವೂ ಎತ್ತಿರಲಿಲ್ಲ, ಏಜೆನ್ಸಿಯೂ ಎತ್ತಿರಲಿಲ್ಲ. ನಾವು ಕೊಡುತ್ತಿದ್ದ 24,000 ರೂಪಾಯಿಯಲ್ಲಿ 6,000 ಏಜೆನ್ಸಿಯವರೇ ಹಿಡಿದುಕೊಳ್ಳುತ್ತಿದ್ದರು ಎಂಬುದೂ ಆಮೇಲೆ ಗೊತ್ತಾಯಿತು. ಮನೆಕೆಲಸವನ್ನು 2004ರಲ್ಲೇ ಕನಿಷ್ಠ ವೇತನದ ಪಟ್ಟಿಗೆ ಸೇರಿಸಿದ ರಾಜ್ಯ ನಮ್ಮದು. ಆದರೆ ನಮ್ಮ ಮನೆ ಬಾಗಿಲಿಗೆ ಬಂದು ಆ ಮಾತು ಹೇಳಿದವರು ಯಾರೂ ಇಲ್ಲ.

ಕ್ಯಾಮೆರಾದ ಕಥೆಯನ್ನೂ ಹೇಳಿಬಿಡುತ್ತೇನೆ, ನಾಚಿಕೆ ಆದರೂ. ಅಮ್ಮನ ಕೋಣೆಯಲ್ಲಿ ಒಂದು ಹಾಕಿಸಿದ್ದೆ, ಇಲ್ಲಿ ಆಫೀಸಿನಲ್ಲಿ ಕೂತು ನೋಡಲು. ಎರಡನೇ ದಿನ ಪರದೆ ಬೆಳ್ಳಗಾಯಿತು. ಹೋಮ್ ನರ್ಸ್ ಅದರ ಮೇಲೆ ಟವೆಲ್ ಹಾಕಿದ್ದರು. ನಾನು ಕೂಗಾಡಿದೆ. ಅಕ್ಕ ತಣ್ಣಗೆ ಕೇಳಿದಳು, "ಅಮ್ಮನ ಬಟ್ಟೆ ಬದಲಾಯಿಸೋದನ್ನ ನೀನು ಅಲ್ಲಿಂದ ನೋಡ್ಬೇಕಾ?" ಮರುದಿನವೇ ಕ್ಯಾಮೆರಾ ನಡುಮನೆಗೆ ಬಂತು, ಎಲ್ಲರಿಗೂ ಹೇಳಿ.

ಇನ್ನು ದುಡ್ಡಿನ ಮಾತು. ಇಲ್ಲಿ ನನ್ನ ಸಂಬಳದಿಂದ ತಿಂಗಳು ತಿಂಗಳು ಶೇ 1.8 ಆರೈಕೆ ವಿಮೆಗೆ ಹೋಗುತ್ತದೆ. ಅಷ್ಟನ್ನೇ ಕಂಪನಿ ಸೇರಿಸುತ್ತದೆ. ಒಟ್ಟು ಶೇ 3.6, ಇದು 2025ರ ದರ. ಮಕ್ಕಳಿಲ್ಲದವರ ಪಾಲು ಇನ್ನೂ ಜಾಸ್ತಿ. ಅಂದರೆ ಕೆಳಗಿನ ಮನೆಯ ಅಜ್ಜಿಯ ಆರೈಕೆಗೆ ನಾನೂ ದುಡ್ಡು ಕೊಡುತ್ತಿದ್ದೇನೆ. ಶಿವಮೊಗ್ಗದಲ್ಲಿರುವ ನನ್ನ ಅಮ್ಮನಿಗೆ ಇದರಿಂದ ಒಂದು ಪೈಸೆ ಬರುವುದಿಲ್ಲ. ಅದು ನ್ಯಾಯವೇ, ಅಮ್ಮ ಇಲ್ಲಿ ವಿಮೆ ಕಟ್ಟಿದವಳಲ್ಲ. ಆದರೂ ಸಂಬಳದ ಚೀಟಿ ನೋಡಿದಾಗ ಒಂಥರಾ ಆಗುತ್ತದೆ.

ಊರಲ್ಲಿ ನಾವು ದುಡ್ಡು ಹೊಂದಿಸಿದ್ದು ಹೀಗೆ. ಅಪ್ಪ ನಿವೃತ್ತ ಮೇಷ್ಟ್ರು, ಪಿಂಚಣಿ ಇದೆ. ಒಂದು ಸೈಟು ಮಾರಿ ಬಂದದ್ದರಲ್ಲಿ 30 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. ಅಲ್ಲಿ ಒಬ್ಬರ ಹೆಸರಲ್ಲಿ ಇಡಬಹುದಾದದ್ದು ಅಷ್ಟೇ. ಶೇ 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ, ತೆರಿಗೆಗೆ ಮೊದಲು. ತಿಂಗಳಿಗೆ 20,500 ಎಂದುಕೊಳ್ಳಿ. ಡೈಪರ್, ಔಷಧಿ, ಫಿಸಿಯೋಥೆರಪಿ ಎಲ್ಲ ಸೇರಿ ಇನ್ನೂ ಹದಿನೈದು ಸಾವಿರ ಬೇಕು. ಅದು ನನ್ನದು. ಆರೋಗ್ಯ ವಿಮೆ ಆಸ್ಪತ್ರೆಯ ಬಾಗಿಲಲ್ಲೇ ನಿಂತಿತು. ಮನೆಗೆ ಬಂದ ಮೇಲಿನ ಸಂಬಳ, ಡೈಪರ್ ಯಾವುದೂ ಅದಕ್ಕೆ ಸಂಬಂಧವಿಲ್ಲ. ಕಾನೂನು ನೋಡಿದರೆ, ಹೆತ್ತವರನ್ನು ಮಕ್ಕಳು ನೋಡಿಕೊಳ್ಳಬೇಕು ಎಂದು 2007ರ ಕಾಯ್ದೆ ಹೇಳುತ್ತದೆ. ನೋಡದಿದ್ದರೆ ತಿಂಗಳಿಗೆ 10,000 ರೂಪಾಯಿ ತನಕ ಕೊಡಿಸಬಹುದು. ಹೋಮ್ ನರ್ಸ್‌ಗೆಂದು ನಾವು ಏಜೆನ್ಸಿಗೆ ಕೊಡುತ್ತಿದ್ದುದರ ಅರ್ಧವೂ ಆಗಲಿಲ್ಲ.

ಹಾಗೆಂದು ಇಲ್ಲಿ ಎಲ್ಲ ಸುಸೂತ್ರ ಎಂದು ತಿಳಿಯಬೇಡಿ. ಇಲ್ಲೂ ಮನೆಯಲ್ಲೇ ಇದ್ದು ನೋಡಿಕೊಳ್ಳುವವರು ಜಾಸ್ತಿ ಪೋಲೆಂಡ್, ರೊಮೇನಿಯಾ, ಬಲ್ಗೇರಿಯಾ ಕಡೆಯ ಹೆಂಗಸರು. ಬರ್ಲಿನ್‌ನಲ್ಲಿ ವೃದ್ಧೆಯೊಬ್ಬರನ್ನು ನೋಡಿಕೊಂಡಿದ್ದ ಬಲ್ಗೇರಿಯಾದ ಒಬ್ಬ ಮಹಿಳೆ ಕೋರ್ಟಿಗೆ ಹೋದರು. ಕರಾರಿನಲ್ಲಿ ವಾರಕ್ಕೆ 30 ಗಂಟೆ, ನಿಜದಲ್ಲಿ ಹಗಲೂ ರಾತ್ರಿ. ಕರೆದರೆ ಏಳಬೇಕು ಎಂದು ಕಾಯುವ ಹೊತ್ತಿಗೂ ಕನಿಷ್ಠ ಕೂಲಿ ಕೊಡಬೇಕು ಎಂದು 2021ರ ಜೂನ್‌ನಲ್ಲಿ ಇಲ್ಲಿನ ಕೇಂದ್ರ ಕಾರ್ಮಿಕ ನ್ಯಾಯಾಲಯ ತೀರ್ಪು ಕೊಟ್ಟಿತು. ಓದಿದಾಗ ನನಗೆ ನಮ್ಮ ಮನೆಯ ಆ ಐದು ವಾರ ನೆನಪಾಯಿತು. ಮಗಳು ಇದ್ದೂ ಇಲ್ಲದ ಮನೆಯಲ್ಲಿ ಇನ್ನೊಬ್ಬರ ಮಗಳು ನಿದ್ದೆಗೆಡುವುದು ಎರಡೂ ಕಡೆ ಒಂದೇ.

ನನಗೆ ಇಲ್ಲಿನ ಪದ್ಧತಿಯಲ್ಲಿ ನಿಜವಾಗಿ ಹೊಟ್ಟೆಕಿಚ್ಚು ತರಿಸುವುದು ದುಡ್ಡಿನ ಮೊತ್ತ ಅಲ್ಲ. ಮೂರನೇ ದರ್ಜೆಗೆ ಮನೆಯವರೇ ನೋಡಿಕೊಂಡರೆ ತಿಂಗಳಿಗೆ 599 ಯೂರೋ. ಈ ದೇಶದ ಖರ್ಚಿಗೆ ಅದು ದೊಡ್ಡದೇನಲ್ಲ. ಆದರೆ ಮಗಳ ದುಡಿಮೆಯನ್ನು ಇಲ್ಲಿ ದುಡಿಮೆ ಎಂದು ಬರೆದುಕೊಳ್ಳುತ್ತಾರೆ. ವಾರಕ್ಕೆ ಕನಿಷ್ಠ 10 ಗಂಟೆ ನೋಡಿಕೊಂಡು, ಹೊರಗಿನ ಕೆಲಸ 30 ಗಂಟೆ ಮೀರದಿದ್ದರೆ, ಮಗಳ ಪಿಂಚಣಿ ಖಾತೆಗೆ ವಿಮೆಯವರೇ ದುಡ್ಡು ಕಟ್ಟುತ್ತಾರೆ. ಎತ್ತುವುದು, ಮಗ್ಗುಲು ಬದಲಿಸುವುದು ಕಲಿಸಲು ಪುಕ್ಕಟೆ ತರಗತಿ. ಮಗಳಿಗೆ ಬಿಡುವು ಬೇಕಾದಾಗ ಬದಲಿ ಆರೈಕೆಗೆ ವರ್ಷಕ್ಕೆ 3,539 ಯೂರೋ ತನಕ. ಕೈಗವಸು, ಹಾಸಿಗೆ ಮೇಲಿನ ಶೀಟು ಎಂದು ತಿಂಗಳಿಗೆ 42 ಯೂರೋ. ಎಷ್ಟು ಸಣ್ಣದನ್ನೂ ಬಿಟ್ಟಿಲ್ಲ ನೋಡಿ.

ನಮ್ಮಲ್ಲಿ? ಹೋಮ್ ನರ್ಸ್‌ಗೆ ಸಂಬಳ, ಏಜೆನ್ಸಿಗೆ ಕಮಿಷನ್, ಫಿಸಿಯೋಗೆ ಫೀಸು. ದುಡ್ಡು ಕಳಿಸುವ ಮಗನಿಗೆ "ಎಂಥಾ ಮಗ" ಎಂಬ ಹೊಗಳಿಕೆ. ಅಕ್ಕನಿಗೆ ಏನೂ ಇಲ್ಲ. ಬ್ಲೌಸ್ ಹೊಲಿದು ತಿಂಗಳಿಗೆ ಏಳೆಂಟು ಸಾವಿರ ದುಡಿಯುತ್ತಿದ್ದವಳು, ಮಿಷನ್‌ಗೆ ಬಟ್ಟೆ ಮುಚ್ಚಿಟ್ಟಳು. ಅದು ಯಾರ ಲೆಕ್ಕದಲ್ಲೂ ಇಲ್ಲ. ನಾನು ಮಾಡಿದ ಎಕ್ಸೆಲ್ ಶೀಟಿನಲ್ಲೂ ಇರಲಿಲ್ಲ. ಅಮ್ಮನ ಆರೈಕೆಗೆ ನಮ್ಮ ಸರ್ಕಾರ ಏನಾದರೂ ಕೊಟ್ಟಿದ್ದರೆ ಅದು ಅಕ್ಕನ ಬಸ್ ಟಿಕೆಟ್ ಮಾತ್ರ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಭದ್ರಾವತಿಯಿಂದ ಬರೋಕೆ ಹೋಗೋಕೆ ಪುಕ್ಕಟೆ. ಅದೂ ಸರ್ಕಾರಿ ಬಸ್ಸು ಸಿಕ್ಕ ದಿನ.

ಈಗ ನಮ್ಮ ಮನೆಯಲ್ಲಿ ಇರುವವರು ಹಾವೇರಿ ಕಡೆಯವರು. ಈ ಸಲ ಮೊದಲೇ ಕ್ಯಾಲೆಂಡರಿನ ಪಟ್ಟಿ ತೋರಿಸಿ ಮಾತಾಡಿದೆವು. ಅಡುಗೆಗೆ ಬೇರೆಯವರು ಬರುತ್ತಾರೆ. ಭಾನುವಾರ ರಜೆ, ಆ ದಿನಕ್ಕೆ ಬದಲಿ ಇದ್ದಾರೆ. ರಾತ್ರಿ ಮೊದಲ ಸಲ ಏಳೋದು ಅಪ್ಪ. 80 ದಾಟಿದ ಅಪ್ಪ ಐವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಅಮ್ಮನಿಗೆ ನೀರು ಕುಡಿಸುವುದು ಕಲಿತರು. ಖರ್ಚು ಏಳು ಸಾವಿರ ಜಾಸ್ತಿಯಾಗಿದೆ. ಒಂಬತ್ತು ತಿಂಗಳಾಯಿತು, ಅವರು ಬಿಟ್ಟು ಹೋಗಿಲ್ಲ.

ಅಕ್ಕನಿಗೂ ತಿಂಗಳಿಗೆ ಇಷ್ಟು ಎಂದು ಕಳಿಸುತ್ತೇನೆ ಎಂದಾಗ ಮಾತ್ರ ದೊಡ್ಡ ಜಗಳವಾಯಿತು. "ಅಮ್ಮನ್ನ ನೋಡ್ಕೊಳ್ಳೋಕೆ ನಂಗೆ ಸಂಬಳ ಕೊಡ್ತೀಯೇನೋ?" ಎಂದವಳು ನಾಲ್ಕು ದಿನ ಫೋನ್ ಎತ್ತಲಿಲ್ಲ. ಸಂಬಳ ಅಲ್ಲ ಕಣೇ, ನಿನ್ನ ಹೊಲಿಗೆ ನಿಂತಿದ್ದಕ್ಕೆ ಎಂದೆ. ಕೇಳಲಿಲ್ಲ. ಕೊನೆಗೆ ಭಾವ ದಾರಿ ಹೇಳಿದರು. ಅಂಚೆ ಕಚೇರಿಯಲ್ಲಿ ಅಕ್ಕನ ಹೆಸರಿಗೆ ಒಂದು ಆರ್‌ಡಿ, ಐದು ವರ್ಷದ್ದು. ಕಂತು ನನ್ನದು. ರುಜು ಹಾಕಲು ಹೋದ ದಿನವೂ ಗೊಣಗಿದಳಂತೆ. ಪಾಸ್‌ಬುಕ್ ಭಾವನ ಕಪಾಟಿನಲ್ಲಿದೆ. ಅವಳು ಇನ್ನೂ ಅದನ್ನು ತೆಗೆದು ನೋಡಿಲ್ಲ.