ಕೇಸರಿ ಹಾಲು ಮತ್ತು ಕೂಸಿನ ಬಣ್ಣ

ಕಾರವಾರ, ಅಂಕೋಲಾ, ಕುಮಟಾದ ಕಡೆ ಮನೆಯಲ್ಲಿ ಬಸುರಿಯಿದ್ದರೆ, ದುಬೈಯಿಂದ ಬರುವ ನೆಂಟರಿಗೆ ಹೇಳಿ ಒಂದು ಡಬ್ಬಿ ಕೇಸರಿ ತರಿಸುವುದುಂಟು. ಹಾಲಿಗೆ ನಾಲ್ಕು ಎಸಳು ಹಾಕಿ ಕುಡಿಯುವುದಕ್ಕೆ ನನ್ನ ತಕರಾರಿಲ್ಲ. ಕೂಸು ಬೆಳ್ಳಗೆ ಹುಟ್ಟಲೆಂದು ಕುಡಿಸುವುದಕ್ಕೆ ಇದೆ. ಕೇಸರಿಯಿಂದ ಬಣ್ಣ ಬದಲಾಗದು ಎಂಬುದು ಸಣ್ಣ ವಿಷಯ. ಕಪ್ಪು ಬಣ್ಣ ಬಸುರಿಗೆ ಮಾಡುವ ಉಪಕಾರ ನಮಗೆ ತಿಳಿಯದಿರುವುದೇ ದೊಡ್ಡದು.

ಹೊರಚರ್ಮದ ತಳಪದರದಲ್ಲಿರುವ ಮೆಲನೊಸೈಟ್ ಕೋಶಗಳು ಮೈಗೆ ಬಣ್ಣ ಕೊಡುವ ಮೆಲನಿನ್ ತಯಾರಿಸಿ, ಸಣ್ಣ ಕಣಗಳಾಗಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಈ ಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಕಣಗಳ ಗಾತ್ರ, ಪ್ರಮಾಣ ಮತ್ತು ಮೆಲನಿನ್ನಿನ ಬಗೆಯಲ್ಲಿ. ಕಣಗಳನ್ನು ಪಡೆದ ಕೋಶವು ಅವುಗಳನ್ನು ತನ್ನ ಕೇಂದ್ರದ ಮೇಲೆ, ಬಿಸಿಲು ಬೀಳುವ ಬದಿಗೇ ಗುಂಪಾಗಿಸಿಕೊಂಡು, ನೆಟ್ಟಿ ಮಾಡುವವರು ಹೊದ್ದ ಕಂಬಳಿಕೊಪ್ಪೆಯ ಹಾಗೆ ಒಳಗಿನ ಡಿಎನ್‌ಎಗೆ ಮರೆ ಕಟ್ಟಿಕೊಳ್ಳುತ್ತದೆ.

ಚರ್ಮದ ಕ್ಯಾನ್ಸರ್ ತಪ್ಪಿಸುವುದಕ್ಕಷ್ಟೇ ಈ ಏರ್ಪಾಡು ಎನ್ನುವುದು ಸಾಲದು, ಏಕೆಂದರೆ ಆ ರೋಗ ಬರುವುದು ಸಾಮಾನ್ಯವಾಗಿ ಮಕ್ಕಳಾಗುವ ವಯಸ್ಸು ದಾಟಿದ ಮೇಲೆ. ಮಾನವಶಾಸ್ತ್ರಜ್ಞೆ ನೀನಾ ಜಬ್ಲೊನ್‌ಸ್ಕಿ ಮತ್ತು ಅವರ ಸಹಸಂಶೋಧಕ ಜಾರ್ಜ್ ಚಾಪ್ಲಿನ್ 2000ದಲ್ಲಿ ಮಂಡಿಸಿದ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಪ್ರಖರ ಅತಿನೇರಳೆ ಕಿರಣ ರಕ್ತದಲ್ಲಿರುವ ಫೋಲೇಟ್ ಎಂಬ ಬಿ ವಿಟಮಿನ್ನನ್ನು ಹಾಳುಮಾಡಬಲ್ಲದು. ಫೋಲೇಟ್ ಕಡಿಮೆಯಾದರೆ ಭ್ರೂಣದಲ್ಲಿ ಮುಂದೆ ಮೆದುಳು, ಬೆನ್ನುಹುರಿಯಾಗುವ ನರಕೊಳವೆ ಸರಿಯಾಗಿ ಮುಚ್ಚಿಕೊಳ್ಳದಿರುವ ಅಪಾಯ ಹೆಚ್ಚುತ್ತದೆ. ಆದ್ದರಿಂದಲೇ ಬಿಸಿಲು ಜೋರಾಗಿರುವಲ್ಲಿ ಕಪ್ಪು ಮೈ ಉಳಿದುಬಂತು, ಬಿಸಿಲು ಕ್ಷೀಣವಾದ ಉತ್ತರದಲ್ಲಿ ವಿಟಮಿನ್ ಡಿ ತಯಾರಿಗೆ ಅನುಕೂಲವಾಗುವಂತೆ ಬಣ್ಣ ತಿಳಿಯಾಯಿತು ಎನ್ನುತ್ತಾರೆ ಅವರು. ಕಾರವಾರವಿರುವುದು 15 ಡಿಗ್ರಿ ಅಕ್ಷಾಂಶದ ಹತ್ತಿರ. ಇಲ್ಲಿ ವರ್ಷಕ್ಕೆ ಎರಡು ಬಾರಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಹಾಗಿರುವಾಗ ಇಲ್ಲಿನ ಮೈಗೆ ಕಪ್ಪು ಒಂದು ಕುಂದಾಗುವುದು ಹೇಗೆ?

ಹಾಗೆಂದು ಬಣ್ಣವನ್ನು ಬರೀ ಬಿಸಿಲು ನಿರ್ಧರಿಸುವುದಿಲ್ಲ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ತರಲ್ಪಟ್ಟವರ ಸಂತತಿಯೆನ್ನಲಾದ ಯಲ್ಲಾಪುರ, ಹಳಿಯಾಳದ ಸಿದ್ದಿಗಳು ಕಾಡಿನ ನೆರಳಲ್ಲಿ ಶತಮಾನಗಳನ್ನು ಕಳೆದರೂ ಹಿರಿಯರ ಬಣ್ಣವನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದಾರೆ. ಜೀವವಿಕಾಸಕ್ಕೆ ಅಷ್ಟು ಕಾಲ ಏನೇನೂ ಅಲ್ಲ. ಇನ್ನು ಎಸ್‌ಎಲ್‌ಸಿ24ಎ5 ಎಂಬ ಜೀನಿನ ಒಂದೇ ಅಕ್ಷರದ ಬದಲಾವಣೆ ಬಣ್ಣವನ್ನು ಗಮನಾರ್ಹವಾಗಿ ತಿಳಿಯಾಗಿಸುತ್ತದೆ. ಭಾರತದಲ್ಲೂ ಯುರೋಪಿನಲ್ಲೂ ಕಾಣುವ ಈ ಬದಲಾವಣೆಯ ಮೂಲ ಒಂದೇ ಎಂದು 2013ರ ಅಧ್ಯಯನವೊಂದು ತೋರಿಸಿತು. ಇಂಥ ಜೀನುಗಳು ಹಲವು ಇರುವುದರಿಂದ ಒಂದೇ ತಾಯಿಯ ಮಕ್ಕಳಲ್ಲಿ ಅಕ್ಕ ಎಣ್ಣೆಗಪ್ಪು, ತಂಗಿ ಗೋಧಿಬಣ್ಣ ಆಗುವುದು ಸಹಜ.

ಕೇಸರಿಯ ಕೀರ್ತಿ ಉಳಿದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಹುಟ್ಟಿದ ಕೂಸಿನ ಬಣ್ಣ ಹಲವು ಸಲ ತಿಳಿಯಾಗಿದ್ದು, ಮುಂದಿನ ತಿಂಗಳುಗಳಲ್ಲಿ ಗಾಢವಾಗುತ್ತದೆ. ಮೊದಲ ದಿನ ಮೆಚ್ಚುಗೆ ಕೇಸರಿಗೆ ಸಲ್ಲುತ್ತದೆ, ಆಮೇಲಿನ ದೂರು ಬಾಣಂತಿಯ ಮೇಲೆ ಬೀಳುತ್ತದೆ. ಕಿವಿಯ ಅಂಚು ನೋಡಿ ಮುಂದಿನ ಬಣ್ಣ ಹೇಳುವ ಅಜ್ಜಿಯಂದಿರು ಈ ವಿಷಯದಲ್ಲಿ ಡಬ್ಬಿ ತರಿಸುವವರಿಗಿಂತ ಚುರುಕು.

ನರಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ, ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದು ಖಚಿತವಾಗುವ ಮೊದಲೇ. ಫೋಲೇಟಿನದೇ ಮಾತ್ರೆರೂಪವಾದ ಫೋಲಿಕ್ ಆಮ್ಲದ, ದಿನಕ್ಕೆ 400 ಮೈಕ್ರೋಗ್ರಾಮಿನ ಮಾತ್ರೆಯನ್ನು ಮಗುವಿನ ಯೋಚನೆ ಮಾಡಿದಾಗಲೇ ಶುರುಮಾಡಬೇಕೆಂದು ವೈದ್ಯರು ಹೇಳುವುದು ಇದಕ್ಕೇ. ಸೀಮಂತದ ಹೊತ್ತಿಗೆ ಕೇಸರಿ ಡಬ್ಬಿ ಹಿಡಿದು ಬರುವ ಅತ್ತೆಯರು, ಮದುವೆಯಾದ ವರ್ಷವೇ ಸೊಸೆಗೆ ಆ ಮಾತ್ರೆಯ ಸುದ್ದಿ ಹೇಳಿದ್ದರೆ ಒಳ್ಳೆಯದಿತ್ತು.