ಒಂದೇ ಶಾಲೆ, ಮೂರು ಜಿಲ್ಲೆ

ಅಟ್ಟದ ಟ್ರಂಕಿನಲ್ಲಿ ಮೂರು ಎಸ್ಸೆಸ್ಸೆಲ್ಸಿ ಪುಸ್ತಕ ಸಿಕ್ಕಿದವು. ಅಜ್ಜನದು, ಅಪ್ಪನದು, ನನ್ನದು. ಮೂವರೂ ಕಲಿತದ್ದು ಕಾಸರಗೋಡು ಪೇಟೆಯ ಒಂದೇ ಸರ್ಕಾರಿ ಹೈಸ್ಕೂಲಿನಲ್ಲಿ. ಅದೇ ಮುರಕಲ್ಲಿನ ಗೋಡೆ, ಅದೇ ಮಂಗಳೂರು ಹಂಚು. ಮಾರ್ಕಿನ ಪುಟ ಬಿಡಿಸುವ ಧೈರ್ಯ ಆಗಲಿಲ್ಲ. ನನ್ನದಂತೂ ಬೇಡವೇ ಬೇಡ. ಸುಮ್ನೆ ಜಿಲ್ಲೆಯ ಸಾಲು ನೋಡಿದೆ. ಅಜ್ಜನದರಲ್ಲಿ ಸೌತ್ ಕೆನರಾ, ಮದ್ರಾಸ್. ಅಪ್ಪನದರಲ್ಲಿ ಕಣ್ಣೂರು, ಕೇರಳ. ನನ್ನದರಲ್ಲಿ ಕಾಸರಗೋಡು. ಶಾಲೆ ಕೂತಲ್ಲಿಂದ ಒಂದು ಗೇಣು ಕದಲಿದ್ದಲ್ಲ.

1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮೊದಲು ಮಲಬಾರ್ ಜಿಲ್ಲೆಗೆ. ಎರಡೇ ತಿಂಗಳು. 1957ರ ಜನವರಿ 1ಕ್ಕೆ ಮಲಬಾರ್ ಮೂರು ಪಾಲಾಗಿ, ನಾವು ಕಣ್ಣೂರಿನ ಪಾಲಿಗೆ ಬಂದೆವು. ಆ ಎರಡು ತಿಂಗಳಲ್ಲಿ ಟೀಸಿ ತೆಗೆಸಿಕೊಂಡ ಪುಣ್ಯಾತ್ಮರು ಯಾರಾದರೂ ಇದ್ದರೆ, ಆ ಕಾಗದ ಒಮ್ಮೆ ನೋಡಬೇಕೆಂದು ನನಗೆ ಆಸೆ. 1967ರಲ್ಲಿ, ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಬದಿಯನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಿ ಎಂದಿತು. ಯಾರೂ ಕೊಡಲಿಲ್ಲ. 1984ರ ಮೇ 24ಕ್ಕೆ ಕಾಸರಗೋಡೇ ಒಂದು ಜಿಲ್ಲೆಯಾಯಿತು.

ಇಷ್ಟೆಲ್ಲ ಆಗುವಾಗ ಶಾಲೆಯೊಳಗೆ ಎಂತ ಆಗುತ್ತಿತ್ತು? ನನ್ನ ಕಾಲದ್ದು ಹೇಳಬಲ್ಲೆ. ನಮ್ಮ ಕನ್ನಡ ಒಂಬತ್ತನೆಯ ಕ್ಲಾಸಿಗೂ ಪಕ್ಕದ ಮಲಯಾಳ ಒಂಬತ್ತನೆಯ ಕ್ಲಾಸಿಗೂ ನಡುವೆ ಇದ್ದದ್ದು ಒಂದು ಹಲಗೆಯ ಅಡ್ಡ. ಅದರಲ್ಲೂ ಎರಡು ಹಲಗೆ ಇರಲಿಲ್ಲ. ಆಚೆ ಪದ್ಯ ಶುರುವಾದರೆ ಈಚೆ ಲೆಕ್ಕ ನಿಲ್ಲುತ್ತಿತ್ತು. ಓಣಂ ಪರೀಕ್ಷೆ ಬರುವ ಹೊತ್ತಿಗೆ ಅವರ ಪದ್ಯ ನನಗೆ ಬಾಯಿಪಾಠ, ಅರ್ಥ ಮಾತ್ರ ಸೊನ್ನೆ. ನಮ್ಮ ಷಟ್ಪದಿ ಆಚೆಯವರಿಗೂ ಬರುತ್ತಿತ್ತು. ಗದುಗಿನ ಸಾಲನ್ನು ಅವರು ಆಟದ ಬಯಲಲ್ಲಿ ನಮ್ಮನ್ನು ಕೆಣಕಲಿಕ್ಕೆ ಹಾಡುತ್ತಿದ್ದರು. ರಾಗ ನಮಗಿಂತ ಚೆನ್ನಾಗಿತ್ತು, ಅದೇ ಬೇಜಾರು.

ಡ್ರಿಲ್ಲಿನವರು ಎರಡೂ ಕಡೆಗೆ ಒಬ್ಬರೇ. ನಾವು ‘ಮಾಷ್ಟ್ರೇ’ ಎಂದರೆ ಆಚೆಯವರು ‘ಮಾಷೇ’ ಎನ್ನುತ್ತಿದ್ದರು. ಬೈಗುಳ ಮಾತ್ರ ತುಳುವಿನಲ್ಲಿ. ಅದು ಯಾರಿಗೂ ಅರ್ಥವಾಗದೆ ಉಳಿದದ್ದಿಲ್ಲ.

ಕಲೋತ್ಸವ ಬಂತೆಂದರೆ ನಮ್ಮ ಕ್ಲಾಸಿನ ಬೆಂಚುಗಳೆಲ್ಲ ಹೊರಗೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಅಲ್ವಾ. ಒಂದು ಮೂಲೆಯಲ್ಲಿ ಕಿರೀಟ ಕಟ್ಟುವ ನಮ್ಮವರು, ಇನ್ನೊಂದು ಮೂಲೆಯಲ್ಲಿ ಒಪ್ಪನದ, ಅಂದರೆ ಮಾಪಿಳ್ಳೆಯರ ಮದುವೆ ಹಾಡು-ಕುಣಿತದ, ಹುಡುಗಿಯರು. ಇರುವುದು ಒಂದೇ ಕನ್ನಡಿ. ಒಮ್ಮೆ ನಮ್ಮ ಮಹಿಷಾಸುರ ಒಪ್ಪನದ ಮದುಮಗಳ ಹಿಂದೆ ಕ್ಯೂ ನಿಂತಿದ್ದ.

ಮೊನ್ನೆ ಅಣ್ಣನ ಮಗ ಫೋನಿನಲ್ಲಿ ಎಂತದೋ ಅರ್ಜಿ ತುಂಬುತ್ತಿದ್ದ.

‘ಚಿಕ್ಕಪ್ಪ, ಅಜ್ಜ ಹುಟ್ಟಿದ ಜಿಲ್ಲೆ ಯಾವುದು?’

‘ಸೌತ್ ಕೆನರಾ.’

ಅವನು ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದ. ‘ಕೇರಳದಲ್ಲಿ ಅಂಥದ್ದಿಲ್ಲ.’

‘ಹಾಗಾದರೆ ಕಾಸರಗೋಡು ಒತ್ತು ಮಾರಾಯ.’

ಅಪ್ಪ ಜಗಲಿಯಲ್ಲೇ ಇದ್ದರು. ‘ನಾನು ಹುಟ್ಟುವಾಗ ಆ ಜಿಲ್ಲೆಯೇ ಹುಟ್ಟಿರಲಿಲ್ಲ’ ಎಂದು ಪೇಪರಿನ ಪುಟ ಮಗುಚಿದರು.