ಬ್ಯಾಗು ಕೊನೆಗೆ ಕೊಳ್ಳಿ

ಊರು, ರಸ್ತೆ ಬಿಟ್ಟು ನಾಲ್ಕೈದು ದಿನ ಬೆಟ್ಟ-ಕಾಡಿನಲ್ಲೇ ಉಳಿಯುವಂಥ ಚಾರಣಕ್ಕೆ ಹೊಸದಾಗಿ ಹೊರಡುವವರು ನನ್ನನ್ನು ಮೊದಲು ಕೇಳುವುದು ಬೆನ್ನಿಗೆ ಹಾಕುವ ಬ್ಯಾಗಿನ ಬಗ್ಗೆ. ‘60 ಲೀಟರ್ ಸಾಕಾ, 75 ಬೇಕಾ? ಯಾವ ಕಂಪನಿದು ತಗೊಳ್ಲಿ?’ ನನ್ನ ಉತ್ತರ ಹಲವರಿಗೆ ರುಚಿಸುವುದಿಲ್ಲ. ಬ್ಯಾಗು ಈಗ ಬೇಡ, ಉಳಿದದ್ದೆಲ್ಲ ಆದ ಮೇಲೆ ಕೊನೆಗೆ ಕೊಳ್ಳಿ ಅನ್ನುತ್ತೇನೆ.

ಬ್ಯಾಗಿನ ಅಳತೆ ತೀರ್ಮಾನವಾಗುವುದು ಅದರೊಳಗೆ ಹೋಗುವ ಸಾಮಾನಿನಿಂದ. ಅದರಲ್ಲಿ ಹೆಚ್ಚು ಜಾಗ ತಿನ್ನುವವು ಸ್ಲೀಪಿಂಗ್ ಬ್ಯಾಗು, ಮ್ಯಾಟು ಮತ್ತು ಟೆಂಟು. ಅವೇ ಇನ್ನೂ ಕೈಗೆ ಬಂದಿಲ್ಲದಿರುವಾಗ ಲೀಟರ್ ಲೆಕ್ಕ ಎಲ್ಲಿಂದ ಬರಬೇಕು? ಯಾವುದಕ್ಕೂ ಇರಲಿ ಅಂತ ದೊಡ್ಡದನ್ನೇ ತಂದವರು ಉಳಿದ ಜಾಗಕ್ಕೆ ಇನ್ನೊಂದು ಪ್ಯಾಂಟು, ಇನ್ನೊಂದು ಟವೆಲು ತುರುಕುತ್ತಾರೆ. ಮೂರನೇ ದಿನದ ಏರಿನಲ್ಲಿ ಅಷ್ಟೂ ಭಾರ ಮೊಣಕಾಲಿಗೆ ಬಂದು ಕೂರುತ್ತದೆ.

ಹಾಗಾಗಿ ಮೊದಲು ಮಲಗುವ ಸಾಮಾನು. ಜನ ಅತಿ ಹೆಚ್ಚು ಮೋಸ ಹೋಗುವುದೂ ಇದರಲ್ಲೇ.

ಒಂದು ಚಾರಣದಲ್ಲಿ ನಮ್ಮ ಗುಂಪಿನ ಹುಡುಗಿಯೊಬ್ಬಳು ನಡುರಾತ್ರಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಹಲ್ಲು ಕಟಕಟ ಅನ್ನುತ್ತಿತ್ತು. “ಅಕ್ಕಾ, ಇದು ಮೈನಸ್ 5ರ ಬ್ಯಾಗು ಅಂತ ತಾನೇ ಕೊಟ್ಟಿದ್ದು? ನಂಗ್ಯಾಕೆ ಇಷ್ಟು ಚಳಿ ಆಗ್ತಿದೆ?” ಹೊರಗೆ ನೀರಿನ ಬಾಟಲಿಯಲ್ಲಿ ಮಂಜುಗಡ್ಡೆಯ ತೆಳು ಪದರ ಕಟ್ಟಿತ್ತು, ಅಷ್ಟೇ. ಮೈನಸ್ 5ರ ಹತ್ತಿರಕ್ಕೂ ಹೋಗಿರಲಿಲ್ಲ. ಟಾರ್ಚ್ ಹಿಡಿದು ಬ್ಯಾಗಿನ ಒಳಗಿನ ಹೊಲಿಗೆಯಲ್ಲಿದ್ದ ಪುಟ್ಟ ಚೀಟಿ ಓದಿದೆ. ಕಂಫರ್ಟ್ 1, ಲಿಮಿಟ್ ಮೈನಸ್ 5, ಎಕ್ಸ್‌ಟ್ರೀಮ್ ಮೈನಸ್ 21. ಬ್ಯಾಗಿನ ಹೊರಗೆ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿ ಅಚ್ಚಾಗಿದ್ದದ್ದು ನಡುವಿನ ಸಂಖ್ಯೆ ಮಾತ್ರ.

ಈ ಮೂರು ಸಂಖ್ಯೆಗಳು ಐಎಸ್‌ಒ 23537 ಎಂಬ ಮಾನದಂಡದವು, ಹಿಂದೆ ಇದು ಇಎನ್ 13537 ಆಗಿತ್ತು. ಮೈತುಂಬ ಸೆನ್ಸರ್ ಇರುವ, ಬಿಸಿ ಮಾಡಿದ ಬೊಂಬೆಯೊಂದಕ್ಕೆ ಒಳಉಡುಪು ತೊಡಿಸಿ, ಮ್ಯಾಟಿನ ಮೇಲೆ ಬ್ಯಾಗಿನೊಳಗೆ ಮಲಗಿಸಿ ಅಳೆಯುತ್ತಾರೆ. ಕಂಫರ್ಟ್ ಅಂದರೆ ಸಾಮಾನ್ಯ ಮೈಕಟ್ಟಿನ ಹೆಂಗಸೊಬ್ಬಳು ಕೈಕಾಲು ಸಡಿಲ ಬಿಟ್ಟು ಹಾಯಾಗಿ ಮಲಗಬಹುದಾದ ಚಳಿ. ಲಿಮಿಟ್ ಅಂದರೆ ಸಾಮಾನ್ಯ ಮೈಕಟ್ಟಿನ ಗಂಡಸೊಬ್ಬ ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಚಳಿ. ಎಕ್ಸ್‌ಟ್ರೀಮ್ ಅನ್ನುವುದು ನಿದ್ದೆಯ ಲೆಕ್ಕವೇ ಅಲ್ಲ. ಆರು ಗಂಟೆ ಜೀವ ಉಳಿದೀತು, ಕೈಕಾಲು ಬೆರಳು ಹೆಪ್ಪುಗಟ್ಟಿದರೂ ಗಟ್ಟಬಹುದು ಅನ್ನುವ ಮಟ್ಟ ಅದು. ಅದನ್ನು ತೋರಿಸಿ ಬ್ಯಾಗು ಮಾರುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕಂಫರ್ಟ್‌ಗೂ ಲಿಮಿಟ್‌ಗೂ ಸಾಮಾನ್ಯವಾಗಿ ಐದಾರು ಡಿಗ್ರಿ ಅಂತರ ಇರುತ್ತದೆ. ಹೆಂಗಸರಾಗಲಿ, ಸಣಕಲು ಮೈಯವರಾಗಲಿ, ಚಳಿ ತಡೆಯದವರಾಗಲಿ, ಕಂಫರ್ಟ್ ಸಂಖ್ಯೆಯೊಂದನ್ನೇ ನೋಡಿ. ನೀವು ಹೋಗುವ ಜಾಗದ ರಾತ್ರಿಗಿಂತ ಅದು ಒಂದೆರಡು ಡಿಗ್ರಿ ಕಡಿಮೆಯೇ ಇರಲಿ.

ಆ ಹುಡುಗಿಗೆ ಅವತ್ತು ಆಗಿದ್ದು ಇಷ್ಟೇ ಅಲ್ಲ. ಅವಳ ಕೆಳಗಿದ್ದದ್ದು ತೀರಾ ತೆಳ್ಳನೆಯ ಮ್ಯಾಟು. ಮಲಗಿದವರ ಬೆನ್ನ ಕೆಳಗೆ ಕೈ ತೂರಿಸಿ ನೋಡಿ, ಅಷ್ಟು ಉಬ್ಬಿದ್ದ ಸ್ಲೀಪಿಂಗ್ ಬ್ಯಾಗು ಅಲ್ಲಿ ಎರಡು ಪದರ ಬಟ್ಟೆಯಷ್ಟೇ ಆಗಿ ಚಪ್ಪಟೆಯಾಗಿರುತ್ತದೆ. ಬೆಚ್ಚಗಿಡುವುದು ಬ್ಯಾಗಿನೊಳಗೆ ತುಂಬಿದ ಪುಕ್ಕದ, ಅಂದರೆ ಹಕ್ಕಿಯ ಮೆತ್ತನೆಯ ಗರಿಯ, ನಡುವೆ ಸಿಕ್ಕಿಕೊಂಡ ಗಾಳಿ. ಮೈಭಾರಕ್ಕೆ ಆ ಗಾಳಿ ಹೊರಟುಹೋದರೆ ನೆಲ ಮೈಯ ಬಿಸಿಯನ್ನು ರಾತ್ರಿಯಿಡೀ ಹೀರುತ್ತಲೇ ಇರುತ್ತದೆ. ನನ್ನ ಫೋಮ್ ಮ್ಯಾಟನ್ನು ಅವಳದ್ದರ ಕೆಳಗೆ ಹಾಸಿ, ನಾನು ಇನ್ನೊಬ್ಬರ ಮ್ಯಾಟಿನಲ್ಲಿ ಪಾಲು ಪಡೆದೆ. ಅರ್ಧ ಗಂಟೆಯಲ್ಲಿ ಅವಳ ನಡುಕ ನಿಂತಿತು.

ಮ್ಯಾಟಿನ ಬಿಸಿ ತಡೆಯುವ ಶಕ್ತಿಗೆ ಆರ್-ವ್ಯಾಲ್ಯೂ ಅಂತ ಅಳತೆಯಿದೆ. ಮೊದಲು ಒಂದೊಂದು ಕಂಪನಿ ಒಂದೊಂದು ಥರ ಅಳೆಯುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಎಂಬ ಮಾನದಂಡ ಬಂದ ಮೇಲೆ ಎರಡು ಕಂಪನಿಗಳ ಮ್ಯಾಟುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಸಾಧ್ಯವಾಯಿತು. ಮಡಚುವ ಫೋಮ್ ಮ್ಯಾಟಿಗೆ ಸುಮಾರು 2 ಇರುತ್ತದೆ, ಹಿಮದ ಮೇಲೆ ಮಲಗುವುದಾದರೆ 5ಕ್ಕಿಂತ ಹೆಚ್ಚು ಬೇಕು. ಒಂದರ ಮೇಲೊಂದು ಹಾಸಿದರೆ ಸಂಖ್ಯೆಗಳನ್ನು ಕೂಡಿಸಿಕೊಳ್ಳಬಹುದು. ನನಗಂತೂ ತಣ್ಣನೆಯ ಜಾಗಗಳಿಗೆ ಗಾಳಿ ತುಂಬುವ ಮ್ಯಾಟಿನ ಕೆಳಗೆ ಒಂದು ಫೋಮ್ ಇರಲೇಬೇಕು. ಗಾಳಿ ಮ್ಯಾಟು ತೂತಾದರೂ ಫೋಮ್ ಕೈಬಿಡುವುದಿಲ್ಲ. ಹಣ ಕಡಿಮೆ ಇದ್ದರೆ ಮ್ಯಾಟಿನಲ್ಲಿ ಜುಗ್ಗತನ ಮಾಡಬೇಡಿ, ಬೇರೆ ಎಲ್ಲಾದರೂ ಮಾಡಿ.

ಸ್ಲೀಪಿಂಗ್ ಬ್ಯಾಗು ಪುಕ್ಕದ್ದೋ, ಕೃತಕ ನಾರು ತುಂಬಿದ ಸಿಂಥೆಟಿಕ್ಕೋ? ಒಣ ಚಳಿಗೆ ಪುಕ್ಕ, ಬಿಡದೆ ತೇವ ಇರುವ ಕಡೆಗೆ ಸಿಂಥೆಟಿಕ್. ಪುಕ್ಕ ನೆನೆದರೆ ಉಂಡೆಕಟ್ಟಿ ಕೆಲಸಕ್ಕೆ ಬಾರದು. ‘800 ಫಿಲ್ ಪವರ್’ ಅಂತ ಬರೆದಿದ್ದರೆ ಒಂದು ಔನ್ಸ್ ಪುಕ್ಕ 800 ಘನ ಇಂಚು ಜಾಗ ತುಂಬುತ್ತದೆ ಅಂತ ಅರ್ಥ. ಅದೊಂದೇ ಬೆಚ್ಚಗಿಡುವುದಿಲ್ಲ, ಒಳಗೆ ಎಷ್ಟು ಗ್ರಾಂ ಪುಕ್ಕ ತುಂಬಿದ್ದಾರೆ ಅಂತಲೂ ಕೇಳಿ. 800ರ ಪುಕ್ಕ 200 ಗ್ರಾಂ ಇರುವ ಬ್ಯಾಗಿಗಿಂತ 600ರದ್ದು 300 ಗ್ರಾಂ ಇರುವ ಬ್ಯಾಗು ಹೆಚ್ಚು ಉಬ್ಬುತ್ತದೆ, ಗುಣಿಸಿ ನೋಡಿ. ಮನೆಯಲ್ಲಿ ಅದನ್ನು ಚಿಕ್ಕ ಚೀಲದಲ್ಲಿ ಅದುಮಿ ಇಡಬೇಡಿ, ಸಡಿಲವಾಗಿ ತೂಗುಹಾಕಿ.

ಮಳೆಗೆ ರೇನ್ ಕವರ್ ನಂಬಿ ಕೂರಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಬೆನ್ನಿನ ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಸಾಮಾನು ಅದರಲ್ಲಿ ತುಂಬಿ ಬಾಯಿ ಸುರುಳಿ ಸುತ್ತಿ. ಹತ್ತಿ ಬಟ್ಟೆ ಒಮ್ಮೆ ನೆನೆದರೆ ಬೇಗ ಒಣಗದು, ಚಳಿಯಲ್ಲಿ ಬೇಡ. ನೀರಿನ ಫಿಲ್ಟರು ಹಾಲೋ ಫೈಬರ್‌ನದ್ದಾದರೆ, ಅಂದರೆ ಸಣ್ಣ ಟೊಳ್ಳು ಎಳೆಗಳ ಮೂಲಕ ನೀರು ಸೋಸುವಂಥದ್ದಾದರೆ, ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳಿ, ಒಳಗಿನ ನೀರು ಗಡ್ಡೆಯಾದರೆ ಎಳೆಗಳು ಒಡೆಯುತ್ತವೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಎಷ್ಟೇ ಚಳಿಯಿದ್ದರೂ ಮುಚ್ಚಿದ ಟೆಂಟಿನೊಳಗೆ ಸ್ಟವ್ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಇಷ್ಟೆಲ್ಲ ಹೇಳಿದಾಗ ಯಾರಾದರೊಬ್ಬರು ಎಮ್ಮಾ ಗೇಟ್‌ವುಡ್ ಹೆಸರು ಎತ್ತುತ್ತಾರೆ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಮನೆಯಲ್ಲೇ ಹೊಲಿದ ಚೀಲ, ಒಂದು ಕಂಬಳಿ, ಮಳೆಗೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ, ಕಾಲಿಗೆ ಕ್ಯಾನ್ವಾಸ್ ಶೂ ಇಷ್ಟರಲ್ಲೇ ಆಕೆ ಅಮೆರಿಕದ ಅಪಲಾಚಿಯನ್ ಟ್ರೇಲನ್ನು, ಅಂದರೆ 3,000 ಕಿ.ಮೀ.ಗೂ ಹೆಚ್ಚು ದಾರಿಯನ್ನು, ಒಬ್ಬರೇ ನಡೆದರು. ಆ ತಾಯಿಯ ಬಗ್ಗೆ ನನಗೆ ಅಪಾರ ಗೌರವ. ಆದರೆ ಅವರು ಮೇ ತಿಂಗಳಲ್ಲಿ ಹೊರಟು ಸೆಪ್ಟೆಂಬರ್‌ನಲ್ಲಿ ಮುಗಿಸಿದ್ದು, ದಾರಿಯ ಮನೆಗಳಲ್ಲಿ ಎಷ್ಟೋ ರಾತ್ರಿ ಆಸರೆ ಪಡೆದದ್ದು, ಹಿಂದಿನ ವರ್ಷದ ಮೊದಲ ಪ್ರಯತ್ನದಲ್ಲಿ ದಾರಿ ತಪ್ಪಿ ವಾಪಸಾದದ್ದು, ಇವೂ ಅದೇ ಕಥೆಯ ಭಾಗ. ಭಾರ ಕಡಿಮೆ ಮಾಡಿ, ನಾನೂ ಮಾಡುತ್ತೇನೆ. ಬಟ್ಟೆಯಲ್ಲಿ, ಪಾತ್ರೆಯಲ್ಲಿ, ಚಾರ್ಜರುಗಳಲ್ಲಿ ಕಡಿಮೆ ಮಾಡಿ. ಬೆಚ್ಚಗಿಡುವ ಸಾಮಾನಿಗೆ ಮಾತ್ರ ಕತ್ತರಿ ಹಾಕಬೇಡಿ.

ಈಗ ಬ್ಯಾಗಿಗೆ ಬರೋಣ. ಎಲ್ಲ ಸಾಮಾನನ್ನು, ಊಟ-ನೀರಿನ ಸಮೇತ, ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1,000ದಿಂದ ಭಾಗಿಸಿದರೆ ನಿಮಗೆ ಬೇಕಾದ ಲೀಟರ್ ಸಿಗುತ್ತದೆ. ಅಂಗಡಿಗೆ ಹೋಗುವ ಮುನ್ನ ಬೆನ್ನಿನ ಉದ್ದ ಅಳೆಸಿಕೊಳ್ಳಿ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಉಬ್ಬುವ ಮೂಳೆಯಿಂದ, ಎರಡೂ ಸೊಂಟದ ಮೂಳೆಗಳ ಮೇಲಂಚು ಸೇರುವ ಗೆರೆಯವರೆಗೆ. ನೀವು ಎಷ್ಟು ಎತ್ತರ ಅನ್ನುವುದಕ್ಕೂ ಇದಕ್ಕೂ ಸಂಬಂಧ ಕಡಿಮೆ. ಆರಡಿಯವರಿಗೆ ಗಿಡ್ಡ ಬೆನ್ನು ಇರಬಹುದು.

ಖಾಲಿ ಬ್ಯಾಗು ಹಾಕಿಕೊಂಡು ಕನ್ನಡಿ ನೋಡಿ ಬರಬೇಡಿ. ಹತ್ತು ಹನ್ನೆರಡು ಕಿಲೋ ತುಂಬಿಸಿ. ಪಟ್ಟಿಗಳನ್ನೆಲ್ಲ ಸಡಿಲಿಸಿ ಹೊತ್ತುಕೊಳ್ಳಿ, ಮೊದಲು ಹಿಪ್ ಬೆಲ್ಟನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿಯಿರಿ, ಆಮೇಲೆ ಭುಜದ ಪಟ್ಟಿ, ಕೊನೆಗೆ ಭುಜದ ಮೇಲಿನ ಚಿಕ್ಕ ಲೋಡ್ ಲಿಫ್ಟರ್ ಪಟ್ಟಿ. ಭಾರದ ಬಹುಪಾಲು ಸೊಂಟಕ್ಕೆ ಹೋಗಬೇಕು, ಭುಜದ್ದು ಬ್ಯಾಗು ಹಿಂದಕ್ಕೆ ವಾಲದಂತೆ ಹಿಡಿಯುವ ಕೆಲಸ. ಮನೆಗೆ ತಂದ ಮೇಲೂ ಟ್ಯಾಗ್ ಕೀಳಬೇಡಿ. ನಿಮ್ಮದೇ ಸಾಮಾನು ತುಂಬಿ ಒಂದು ಗಂಟೆ ಮೆಟ್ಟಿಲು ಹತ್ತಿ ಇಳಿಯಿರಿ. ಭುಜದಲ್ಲಿ ಜೋಮು ಹಿಡಿದರೆ, ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಗಾಗಿ ಉರಿದರೆ, ಯಾರು ಎಷ್ಟೇ ಹೊಗಳಿರಲಿ, ಆ ಬ್ಯಾಗು ವಾಪಸ್ ಕೊಟ್ಟು ಬೇರೆಯದನ್ನು ತನ್ನಿ.